ಮಕ್ಕಳನ್ನೇ ಆರೋಗ್ಯದ ಲೀಡರ್ ಮಾಡಿದವರು ಅನುಭವ ಹೇಳಿ

ಹೊಸ ಟೀಚರ್: ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಂದಲೇ ಜೊತೆಯವರಿಗೆ ನಿದ್ದೆ, ಮೊಬೈಲ್, ಮುಟ್ಟು, ಸಿಗರೇಟು ಬಗ್ಗೆ ಮಾತಾಡಿಸ್ಬೇಕು ಅಂತಿದೀನಿ. ಲೀಡರ್‌ಗಳನ್ನ ಹೇಗೆ ಆರಿಸಿದ್ರಿ?

ವಿಜ್ಞಾನ ಮೇಷ್ಟ್ರು: ನಾನು ಮಾಡಿಸಿದೀನಿ, ಈಗಲೂ ಹೆಮ್ಮೆ ಇದೆ. ಟೀಚರ್‌ಗಳು ಆರಿಸ್ಲೇಬಾರದು. ಚೀಟಿ ಕೊಟ್ಟು "ಯಾರ ಮಾತು ಕೇಳ್ತೀರಾ" ಅಂತ ಬರೆಸಿದ್ರೆ ಹಿಂದಿನ ಬೆಂಚಿನ ಕಿಲಾಡಿಗಳ ಹೆಸರೇ ಜಾಸ್ತಿ ಬಂತು, ಸ್ಟಾಫ್ ರೂಮಲ್ಲಿ ನನ್ನ ತಿಂದುಹಾಕೋದೊಂದು ಬಾಕಿ. ಒಪ್ಪಿಗೆ ಪತ್ರಗಳು ಸಹಿ ಇಲ್ದೆ ವಾಪಸ್ ಬರೋವು, ಚಾರ್ಟು ಸ್ಕೆಚ್‌ಪೆನ್ನು ಎಲ್ಲಾ ನನ್ನ ಕೈಯಿಂದಲೇ, ಒಂದು ಪೀರಿಯಡ್‌ಗೂ ಬೇಡಬೇಕು. ಆದ್ರೂ ಬಿಡ್ಲಿಲ್ಲ. ಇಂಗ್ಲೆಂಡ್, ವೇಲ್ಸ್‌ನ 59 ಶಾಲೆಗಳಲ್ಲಿ 'ಅಸಿಸ್ಟ್' ಅಂತ ಸಿಗರೇಟಿನ ವಿಚಾರಕ್ಕೆ ಪ್ರಯೋಗ ಮಾಡಿದ್ರಲ್ಲ, 2008ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದಿದ್ದು, ಅಲ್ಲೂ 12-13 ವರ್ಷದ ಮಕ್ಕಳೇ ಹೆಸರು ಕೊಟ್ಟಿದ್ದು. ಎರಡು ದಿನ ಟ್ರೇನಿಂಗು, ಆಮೇಲೆ 10 ವಾರ ಭಾಷಣ ಗೀಷಣ ಏನಿಲ್ಲ, ಸ್ಕೂಲಿಗೆ ಬರ್ತಾ ಹೋಗ್ತಾ, ಊಟದ ಹೊತ್ತಲ್ಲಿ ಸುಮ್ನೆ ಮಾತು. ಹೀಗೆ ಮಾಡಿಸದ ಶಾಲೆಗಳಿಗಿಂತ ಅಲ್ಲಿ ಸೇದೋರು ಕಡಿಮೆ ಇದ್ರು.

ಮಾಜಿ ಲೀಡರ್ ಅಮ್ಮ: ಹೆಮ್ಮೆಯಂತೆ. ನನ್ನ ಮಗಳೂ ಲೀಡರ್ ಆಗಿದ್ಲು ಸರ್. ಗೆಳತಿ ಒಬ್ಳು ತೋಳು ಮೇಲಕ್ಕೆ ಸರಿಸಿ ಬ್ಲೇಡಿನ ಗೀರು ತೋರಿಸಿ ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ಲು. ಇವಳು ಊಟ ಬಿಟ್ಲು, ರಾತ್ರಿಯಿಡೀ ಫೋನ್ ಎದೆ ಮೇಲಿಟ್ಕೊಂಡು ಮೆಸೇಜ್ ಬರುತ್ತೇನೋ ಅಂತ ಕಾಯೋಳು, ಪರೀಕ್ಷೆ ಹಾಳಾಯ್ತು. ಕೌನ್ಸೆಲರ್ ಹೆಸರು ಬೋರ್ಡಲ್ಲಿತ್ತು, ರೂಮಿಗೆ ಬೀಗ. ಜೀವದ ವಿಷಯ ಬಂದ್ರೆ ಗುಟ್ಟು ಇಟ್ಕೋಬಾರದು, ತಕ್ಷಣ ದೊಡ್ಡೋರಿಗೆ ಹೇಳ್ಬೇಕು ಅನ್ನೋದನ್ನ ಮೊದಲನೇ ದಿನ ಕಲಿಸ್ಬೇಕಿತ್ತು, ಕಲಿಸ್ಲಿಲ್ಲ.

ವಿಜ್ಞಾನ ಮೇಷ್ಟ್ರು: ಮೇಡಂ, ಅದು ಆ ಶಾಲೆಯವರ ತಪ್ಪು, ಪದ್ಧತಿದಲ್ಲ.

ಮಾಜಿ ಲೀಡರ್ ಅಮ್ಮ: ನಿಮ್ಮ ಕಿಲಾಡಿಗೆ ರಾತ್ರಿ ಅಂಥ ಫೋನ್ ಬಂದಿದ್ರೆ ಅವ್ನು ಯಾರಿಗೆ ಹೇಳ್ತಿದ್ದ? ಆ ನಂಬರ್ ಕೊಟ್ಟಿದ್ರಾ? ಅದನ್ನ ಹೇಳಿ.

ಪಿ.ಟಿ. ಮೇಷ್ಟ್ರು: ಅಸಿಸ್ಟ್ ಬಗ್ಗೆ ಪೂರ್ತಿ ಹೇಳಿ ಸರ್, ಮೊದಲ ವರ್ಷ ಇದ್ದ ಫರಕು ಎರಡನೇ ವರ್ಷಕ್ಕೆ ಕಮ್ಮಿ ಆಗ್ತಾ ಬಂದಿತ್ತು. ನಾನು ಮಾತು ಬಿಟ್ಟು ಆಟ ಹಿಡಿದೆ. ದೊಡ್ಡ ಮಕ್ಕಳು ಚಿಕ್ಕವರಿಗೆ ಆಡಿಸೋದು, ಮೂಲೇಲಿ ಒಂಟಿ ಕೂತವರನ್ನ ಹುಡುಕಿ ಕರೆಯೋದು. ಚೆನ್ನಾಗೇ ನಡೀತಿತ್ತು, ಪರೀಕ್ಷೆ ಹತ್ರ ಬಂತು ನೋಡಿ, ಗಣಿತದವರು ಪೀರಿಯಡ್ ಕಿತ್ಕೊಂಡ್ರು. ವಾಲಿಬಾಲ್ ನೆಟ್ಟು ಸ್ಟೋರ್ ರೂಮಲ್ಲೇ ಇಲಿ ಪಾಲಾಯ್ತು.

ಗಣಿತ ಟೀಚರ್: ಎಲ್ಲಾದಕ್ಕೂ ಗಣಿತದವರೇ ಸಿಕ್ತೀವಾ? ರಿಸಲ್ಟ್ ಬಿದ್ರೆ ಪೋಷಕರ ಮುಂದೆ ನಿಲ್ಲೋದು ನೀವಲ್ಲ, ನಾವು.

ಪಿ.ಟಿ. ಮೇಷ್ಟ್ರು: ಮಕ್ಕಳು ಬೆಳಗ್ಗೆ ಪ್ರಾರ್ಥನೇಲಿ ತಲೆಸುತ್ತಿ ಬಿದ್ರೆ ಎತ್ಕೊಂಡು ಓಡೋದು ನಾವು. ಆಗೆಲ್ಲಿರ್ತೀರಾ?

ಹೊಸ ಟೀಚರ್: ಚೀಟಿ ಬರೆಸುವಾಗ ಹುಡುಗ ಹುಡುಗಿಯರಿಗೆ ಬೇರೆ ಬೇರೆ ಬರೆಸಿದ್ರಾ ಸರ್?

ಗಣಿತ ಟೀಚರ್: ಮೊದ್ಲು ಹೆಡ್‌ಮಾಸ್ಟರ್ ಹತ್ರ ಪೀರಿಯಡ್ ಬರೆಸ್ಕೊಳ್ಳಿ. ಆಮೇಲೆ ನಮ್ಮನ್ನ ಕಳ್ಳರು ಅನ್ಬೇಡಿ.