ಸರ್ಜರಿ ಆದಮೇಲೆ ಕನ್ನಡಿ ನೋಡೋಕೆ ಆಗ್ತಿಲ್ಲ, ಕೌನ್ಸೆಲಿಂಗ್‌ನಿಂದ ಉಪಯೋಗ ಆಗುತ್ತಾ?

ಡೊಂಬಿವಲಿಯಿಂದ ಕೇಳ್ತಿದ್ದೀನಿ. ಸ್ತನ ಕ್ಯಾನ್ಸರ್‌ಗೆ ಎಡಗಡೆ ಪೂರ್ತಿ ತೆಗೆದಿದ್ದಾರೆ. ಕೀಮೋ, ರೇಡಿಯೇಷನ್ ಮುಗೀತು, ಕೂದಲೂ ಬಂತು. ಆದರೂ ಲೈಟ್ ಆರಿಸಿಯೇ ಸ್ನಾನ ಮಾಡ್ತೀನಿ. ಮದುವೆ, ಸಂಘದ ಕಾರ್ಯಕ್ರಮ ಎಲ್ಲ ಬಿಟ್ಟಿದ್ದೀನಿ. ‘ಜೀವ ಉಳೀತಲ್ಲ, ಇನ್ನೇನು ಬೇಕು’ ಅಂತಾರೆ ಮನೇಲಿ. ಡಾಕ್ಟರ್ ಕೌನ್ಸೆಲಿಂಗ್‌ಗೆ ಹೋಗಿ ಅಂದಿದ್ದಾರೆ. ಬರೀ ಮಾತಾಡಿದ್ರೆ ಏನಾಗುತ್ತೆ? ಕನ್ನಡದವರು ಯಾರಾದ್ರೂ ಸಿಗ್ತಾರಾ? ಹೋಗಿಬಂದವರು ದಯವಿಟ್ಟು ಹೇಳಿ.

ಮುಲುಂಡ್‌ನಿಂದ:
ತಂಗಿ, ನನಗೂ ಅದೇ ಆಪರೇಷನ್ ಆಗಿದೆ. ಉಪಯೋಗ ಖಂಡಿತ ಆಗುತ್ತೆ. ನನ್ನ ಥೆರಪಿಸ್ಟ್ ಒಂದು ದಿನವೂ ‘ನೀವು ಚೆನ್ನಾಗೇ ಕಾಣ್ತೀರಿ’ ಅನ್ನಲಿಲ್ಲ, ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಮೊದಮೊದಲು ಅತ್ತಿದ್ದೇ ಹೆಚ್ಚು. ಮನೇಲಿ ಅತ್ತರೆ ಕಾಯಿಲೆ ಮತ್ತೆ ಬಂತೇನೋ ಅಂತ ಎಲ್ಲರಿಗೂ ಗಾಬರಿ. ಅಲ್ಲಿ ಯಾರನ್ನೂ ಸಮಾಧಾನ ಮಾಡುವ ಹೊಣೆ ನನ್ನ ಮೇಲಿರಲಿಲ್ಲ. ಜೀವ ಉಳಿದದ್ದಕ್ಕೆ ದೇವರಿಗೆ ಕೈಮುಗಿದವಳೂ ಹೋದ ಅಂಗಕ್ಕೆ ಅಳಬಹುದು.

ಆಮೇಲೆ ಒಂದೊಂದೇ ಕೆಲಸ ಕೊಟ್ಟರು. ‘ಟ್ರೇನಿನಲ್ಲಿ ಎಲ್ಲರೂ ನನ್ನ ಎದೆಯನ್ನೇ ನೋಡ್ತಾರೆ’ ಅಂದಿದ್ದೆ. ಹಾಗಾದ್ರೆ ಲೇಡೀಸ್ ಡಬ್ಬದಲ್ಲಿ ತಲೆಯೆತ್ತಿ ಕೂತು, ಯಾರು ಏನು ಮಾಡ್ತಾರೆ ಗಮನಿಸಿ ಬನ್ನಿ ಅಂದರು. ಒಬ್ಬಳು ಮೆಂತ್ಯ ಸೊಪ್ಪು ಬಿಡಿಸ್ತಿದ್ದಳು, ಇನ್ನೊಬ್ಬಳದು ನಾಲ್ಕನೇ ಸೀಟಿಗೆ ಜಗಳ, ಉಳಿದವರ ಕಣ್ಣೆಲ್ಲ ಫೋನಿನ ಮೇಲೆ. ನನ್ನನ್ನು ದಿಟ್ಟಿಸಿದವಳು ಒಬ್ಬಳೇ, ಅದೂ ಎಲ್ಲಿ ಇಳೀತೀರಿ ಅಂತ ಕೇಳೋಕೆ.

ಕನ್ನಡಿಯದ್ದು ನಿಧಾನ. ಮೊದಲು ಬಟ್ಟೆ ಹಾಕ್ಕೊಂಡೇ ನಿಂತು, ತಲೆಯಿಂದ ಕಾಲಿನವರೆಗೆ ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು. ‘ಅಸಹ್ಯ’, ‘ವಿಕಾರ’ ಅನ್ನೋ ಹಾಗಿಲ್ಲ. ‘ಕಂಕುಳಿನಿಂದ ಅಡ್ಡಕ್ಕೆ ಒಂದು ಗೆರೆ, ಕಂದು ಬಣ್ಣ, ಮುಟ್ಟಿದರೆ ಜೋಮು’ ಇಷ್ಟೇ. ಬರಿಮೈ ನೋಡಿಕೊಳ್ಳೋದು ಎಷ್ಟೋ ದಿನದ ಮೇಲಿನ ಮಾತು. ಆಗದ ದಿನ ಬಿಡಬಹುದು, ಒತ್ತಾಯ ಇಲ್ಲ.

ನಮ್ಮನೆಯವರನ್ನೂ ಒಮ್ಮೆ ಕರೆಸಿದ್ರು. ಅವರು ದೂರ ಮಲಗೋದು ಹೇಸಿಗೆಯಿಂದ ಅಂತಲೇ ನಾನು ಕೊರಗ್ತಿದ್ದೆ. ನಿದ್ದೆಗಣ್ಣಲ್ಲಿ ಗಾಯಕ್ಕೆ ಕೈ ತಾಗಿ ನೋವಾದೀತು ಅಂತ ಹೆದರಿಕೆ ಅಂದರು. ಮನೇಲಿ ಇದು ಅವರ ಬಾಯಿಂದ ಬರ್ತಾನೇ ಇರಲಿಲ್ಲ.

ಪುಣೆಯಿಂದ:
ನನ್ನದು ಕರುಳಿನ ಕ್ಯಾನ್ಸರ್, ಹೊಟ್ಟೆಗೆ ಸ್ಟೋಮಾ ಬ್ಯಾಗ್, ಅಂದ್ರೆ ಮಲ ಸೇರೋಕೆ ಹೊರಗಡೆ ಅಂಟಿಸೋ ಚೀಲ ಇದೆ. ಗಂಡಸರಿಗೂ ಈ ಸಂಕಟ ಇದೆ ಅಂತ ಬರೀತಿದ್ದೀನಿ. ವಾಸನೆ ಬಂದೀತು ಅಂತ ಆಫೀಸಿನ ಲಿಫ್ಟ್ ಹತ್ತುತ್ತಿರಲಿಲ್ಲ. ಮೊದಲ ಕೌನ್ಸೆಲರ್ ‘ಪಾಸಿಟಿವ್ ಆಗಿರಿ’ ಅಂತಷ್ಟೇ ಹೇಳೋರು, ಬಿಟ್ಟು ಬೇರೆಯವರ ಹತ್ತಿರ ಹೋದೆ. ಹಿಡಿಸದಿದ್ದರೆ ಬದಲಾಯಿಸಿ, ಸಂಕೋಚ ಬೇಡ. ಕ್ಯಾನ್ಸರ್ ರೋಗಿಗಳ ಜೊತೆ ಕೆಲಸ ಮಾಡಿದವರನ್ನೇ ಹುಡುಕಿ. ಬ್ಯಾಗ್ ಇರೋರಿಗೆ ಮುಂಬಯಿಯಲ್ಲಿ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಇದೆ.

ಠಾಣೆಯಿಂದ:
ಅಕ್ಕ, ನಮ್ಮಮ್ಮನನ್ನು ಕರ್ಕೊಂಡು ಓಡಾಡಿದ್ದರಿಂದ ಇಷ್ಟು ಗೊತ್ತು. ಪರೇಲ್‌ನ ಟಾಟಾ ಮೆಮೋರಿಯಲ್‌ನಲ್ಲಿ ಕ್ಯಾನ್ಸರ್ ರೋಗಿಗಳಿಗೆಂದೇ ಮನೋವೈದ್ಯಕೀಯ ವಿಭಾಗ ಇದೆ. ಅಲ್ಲಿ ಟ್ರೀಟ್‌ಮೆಂಟ್ ಆಗಿದ್ದರೆ ನಿಮ್ಮ ಡಾಕ್ಟರ್ ಹತ್ತಿರವೇ ಚೀಟಿ ಬರೆಸಿಕೊಳ್ಳಿ. ಹೊರಗೆ ಹೋಗೋದಾದ್ರೆ, ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಇದೆಯಾ ಅಂತ ಕೇಳಿ.

ನಿದ್ದೆ, ಊಟ ಕೆಟ್ಟಿದ್ದರೆ ಮಾತಿನ ಜೊತೆ ಮಾತ್ರೆಯೂ ಬೇಕಾಗಬಹುದು. ಸ್ತನ ಕ್ಯಾನ್ಸರ್‌ಗೆ ಕೊಡೋ ಟ್ಯಾಮಾಕ್ಸಿಫೆನ್ ಮಾತ್ರೆ ತಗೊಳ್ತಿದ್ರೆ ಸೈಕಿಯಾಟ್ರಿಸ್ಟ್‌ಗೆ ಮೊದಲೇ ಹೇಳಿ. ಪ್ಯಾರಾಕ್ಸೆಟಿನ್, ಫ್ಲುಆಕ್ಸೆಟಿನ್ ಥರದ ಖಿನ್ನತೆಯ ಮಾತ್ರೆಗಳು ಅದರ ಕೆಲಸ ಕುಗ್ಗಿಸಬಹುದು. ಬೇರೆ ಮಾತ್ರೆಗಳಿವೆ, ಅವರೇ ನೋಡಿ ಕೊಡ್ತಾರೆ. ಬದುಕೋದೇ ಬೇಡ ಅನ್ನಿಸಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡವೂ ಇದೆ.

ವಾರವಾರದ ಥೆರಪಿಗೆ ಅಮ್ಮನಿಗೆ ಧಾರವಾಡದವರು ಸಿಕ್ಕಿದ್ರು, ವಿಡಿಯೋ ಕಾಲ್‌ನಲ್ಲಿ. ಹಿಂದಿ, ಮರಾಠಿಯಲ್ಲಿ ಬಾಯಿ ಬಿಡದವರು ಅಲ್ಲಿ ಗಂಟೆಗಟ್ಟಲೆ ಮಾತಾಡೋಕೆ ತಯಾರು. ನಮ್ಮದು ಒನ್ ರೂಮ್ ಕಿಚನ್, ಅದಕ್ಕೆ ಆ ಹೊತ್ತಿಗೆ ಅಪ್ಪ, ನಾನು ಬಿಲ್ಡಿಂಗ್ ಕೆಳಗೆ ಹೋಗಿ ಕೂರ್ತಿದ್ವಿ. ನಿಮ್ಮ ಮನೆಯಲ್ಲೂ ಆ ಸಮಯ ಯಾರೂ ಒಳಗೆ ಬರಬಾರದು ಅಂತ ಮೊದಲೇ ಹೇಳಿಡಿ.