ಸಹಾಯ ಬೇಕು: ಒಕ್ಕೂಟ ಬಿಡುವ ಮಾತು ಯುದ್ಧಕ್ಕೆ ತಿರುಗಿದ್ದು ಎಲ್ಲಿ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ತಿಳಿದವರು ದಯವಿಟ್ಟು ಹೇಳಿ.

1860ರ ನವೆಂಬರ್‌ನ ಅಧ್ಯಕ್ಷ ಚುನಾವಣೆಯಲ್ಲಿ, ಗುಲಾಮಗಿರಿ ಹರಡುವುದನ್ನು ವಿರೋಧಿಸುತ್ತಿದ್ದ ಲಿಂಕನ್ ಗೆದ್ದರು. ಡಿಸೆಂಬರ್ 20ಕ್ಕೆ ದಕ್ಷಿಣದ ಸೌತ್ ಕೆರೊಲಿನಾ ರಾಜ್ಯ ಒಕ್ಕೂಟ, ಅಂದರೆ ಅಮೆರಿಕ ಸಂಯುಕ್ತ ಸಂಸ್ಥಾನ, ಬಿಟ್ಟಿತು. ಫೆಬ್ರವರಿ ಹೊತ್ತಿಗೆ ಏಳು ರಾಜ್ಯ ಹೊರಗೆ. ಗುಲಾಮಗಿರಿ ಉಳಿಸಿಕೊಳ್ಳಬೇಕು ಅನ್ನೋದೇ ಮೂಲ ಕಾರಣ. ಮಿಸಿಸಿಪ್ಪಿ ತನ್ನ ಘೋಷಣೆಯಲ್ಲೇ ಅದನ್ನು ಬಾಯಿಬಿಟ್ಟು ಹೇಳಿದೆ.

ಆದರೆ ಆಮೇಲೂ ಕೆಲವು ತಿಂಗಳು ಯುದ್ಧ ಆಗಲಿಲ್ಲ, ಅಲ್ವಾ? ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯಲ್ಲಿ ಒಕ್ಕೂಟದ ಸೇನೆಯ ಮೇಜರ್ ಆಂಡರ್ಸನ್ ಮತ್ತು ಎಂಬತ್ತು ಚಿಲ್ಲರೆ ಸೈನಿಕರು. ಸುತ್ತಲೂ ಒಕ್ಕೂಟ ಬಿಟ್ಟವರ ಫಿರಂಗಿ. ಒಳಗೆ ದಿನಸಿ ಮುಗಿಯುತ್ತಾ ಬಂದಿತ್ತು. ಬರೀ ಆಹಾರ ಕಳಿಸುತ್ತೇವೆ ಅಂತ ಲಿಂಕನ್ ಆ ರಾಜ್ಯದ ಗವರ್ನರ್‌ಗೆ ಮೊದಲೇ ತಿಳಿಸಿದರು. ಆದರೂ 1861ರ ಏಪ್ರಿಲ್ 12ರ ನಸುಕಿಗೆ ದಕ್ಷಿಣದವರು ಕೋಟೆಯ ಮೇಲೆ ಗುಂಡು ಹಾರಿಸಿದರು.

ನನ್ನನ್ನು ಜಾಸ್ತಿ ಕಾಡುವುದು ವರ್ಜೀನಿಯಾ. ಏಪ್ರಿಲ್ 4ರಂದು ಅಲ್ಲಿನ ಸಮಾವೇಶ ಒಕ್ಕೂಟ ಬಿಡೋದು ಬೇಡ ಅಂತ ಮತ ಹಾಕಿತ್ತು. ಬಂಡಾಯ ಹತ್ತಿಕ್ಕಲು ಲಿಂಕನ್ 75,000 ಸೈನಿಕರಿಗೆ ಕರೆ ಕೊಟ್ಟ ಎರಡೇ ದಿನಕ್ಕೆ, 17ರಂದು, ಅದೇ ಸಮಾವೇಶ ಬಿಡೋಣ ಅಂತ ತಿರುಗಿಬಿತ್ತು.

ಹಾಗಾದರೆ ವಾಪಸ್ ಬರುವ ದಾರಿ ಮುಚ್ಚಿದ್ದು ಫಿರಂಗಿಯಿಂದಲೋ, ಆ ಕರೆಯಿಂದಲೋ? ಮಾರ್ಚ್‌ನಲ್ಲೇ ಕೋಟೆ ಬಿಟ್ಟುಕೊಟ್ಟಿದ್ದರೆ ವರ್ಜೀನಿಯಾ ಉಳಿಯುತ್ತಿತ್ತಾ? ಆ ಹದಿಮೂರು ದಿನಗಳಲ್ಲಿ ಯಾರು, ಯಾಕೆ ಮನಸ್ಸು ಬದಲಿಸಿದರು ಅಂತ ಓದಿಕೊಂಡವರು ಸ್ವಲ್ಪ ಬಿಡಿಸಿ ಹೇಳುತ್ತೀರಾ?