ಜಡ್ಜ್‌ಗೂ ಓಟು ಹಾಕ್ಬೇಕಾ? ನಮ್ಮ ಮನೆ ಗುಂಪಿನ ಒಂದು ಭಾನುವಾರದ ಜಗಳ

ಗುಂಪಿನ ಹೆಸರು ‘ದೊಡ್ಮನೆ ಬಳಗ’. ಇರೋರು ಮೂವತ್ತು ಚಿಲ್ಲರೆ ಜನ, ಬಾಯಿ ಬಿಡೋರು ಐದಾರು. ಮಹಾಂತೇಶ ಮಾವ ಒಂದು ಫಾರ್ವರ್ಡ್ ಹಾಕಿದ್ದಕ್ಕೆ ಇಷ್ಟು ನಡೀತು. ಹೂವಿನ ಚಿತ್ರ, ಕೈಮುಗಿದ ಗುರುತು, ಯಾರದ್ದೋ ನಾಮಕರಣದ ಆಹ್ವಾನ ತೆಗೆದು ಉಳಿದದ್ದು ಹಾಕಿದೀನಿ. ಎಲ್ಲರನ್ನೂ ಕೇಳಿಯೇ ಹಾಕ್ತಿರೋದು. ದೊಡ್ಡಪ್ಪ ಮಾತ್ರ ‘ಊರ ಹೆಸರು, ಕೋರ್ಟ್ ಹೆಸರು ಬರೀಬ್ಯಾಡ’ ಅಂದಿದಾರೆ.

ಮಹಾಂತೇಶ ಮಾವ (ಚಿತ್ರದುರ್ಗ): ಬಂದಿದ್ದನ್ನ ಹಾಗೇ ಕಳಿಸ್ತಿದೀನಿ. ‘ಮೆಕ್ಸಿಕೋದಲ್ಲಿ ಸುಪ್ರೀಂ ಕೋರ್ಟ್ ಜಡ್ಜ್‌ನಿಂದ ಹಿಡಿದು ಎಲ್ಲರನ್ನೂ ಜನರೇ ಓಟು ಹಾಕಿ ಆರಿಸ್ತಾರೆ. ನಮ್ಮಲ್ಲಿ ಸುಪ್ರೀಂ ಕೋರ್ಟಿನ ಐದು ಹಿರಿಯ ಜಡ್ಜ್‌ಗಳು (ಕೊಲಿಜಿಯಂ) ಬಾಗಿಲು ಹಾಕ್ಕೊಂಡು ತಮಗೆ ಬೇಕಾದೋರನ್ನ ಕೂರಿಸ್ತಾರೆ. ಪ್ರಜಾಪ್ರಭುತ್ವ ಎಲ್ಲಿದೆ? ಹತ್ತು ಗುಂಪಿಗೆ ಕಳಿಸಿ.’

ಗಿರಿಜತ್ತೆ: ನಮ್ಮನೆಯವ್ರು ಊಟ ಬಿಟ್ಟು ಇದನ್ನ ಕಳಿಸ್ತಾ ಕೂತಿದಾರೆ. ರೊಟ್ಟಿ ಆರ್ತಾ ಐತೆ.

ಶೈಲಕ್ಕ (ದಾವಣಗೆರೆ, ನಮ್ಮ ಮನೆಯ ಒಬ್ಬಳೇ ವಕೀಲೆ): ಮಾವ, ಮೆಕ್ಸಿಕೋದ್ದು ನಿಜ. 2025ರ ಜೂನ್ 1ಕ್ಕೆ ಚುನಾವಣೆ ಆಯ್ತು. ದೇಶದ ತುಂಬಾ ಸುಮಾರು 2,600 ಜಾಗಕ್ಕೆ. ಓಟು ಹಾಕೋಕೆ ಬಂದೋರು ನೂರಕ್ಕೆ ಬರೀ 13 ಜನ. ಫಾರ್ವರ್ಡ್ ಬರೆದೋರು ಅದನ್ನ ಮಾತ್ರ ನುಂಗಿದಾರೆ.

ಮಹಾಂತೇಶ ಮಾವ: ಮೊದಲನೇ ಸಲ ಕಣಮ್ಮ, ಜನಕ್ಕೆ ರೂಢಿ ಆಗ್ಬೇಕು. ಅತಿ ಹೆಚ್ಚು ಓಟು ತಗೊಂಡು ಕೋರ್ಟಿನ ಮುಖ್ಯಸ್ಥ ಆದೋನು ಯಾರು ಗೊತ್ತಾ? ಊಗೊ ಅಗಿಲಾರ್, ಮಿಶ್ಟೆಕ್ ಅನ್ನೋ ಮೂಲನಿವಾಸಿ ಸಮುದಾಯದ ವಕೀಲ. ನಮ್ಮಲ್ಲಿ 1950ರಿಂದ ದಲಿತ ಸಿಜೆಐ, ಅಂದ್ರೆ ದೇಶದ ಮುಖ್ಯ ನ್ಯಾಯಮೂರ್ತಿ, ಆದೋರು ಎಷ್ಟು ಜನ? 2007ರಲ್ಲಿ ಬಾಲಕೃಷ್ಣನ್, ಆಮೇಲೆ 2025ರಲ್ಲಿ ಗವಾಯಿ. ಅದೇ ಚಂದ್ರಚೂಡ್ ಅಂದ್ರೆ ಅಪ್ಪನೂ ಸಿಜೆಐ, ಮಗನೂ ಸಿಜೆಐ.

ಶೈಲಕ್ಕ: ದಲಿತ ಸಿಜೆಐ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ ಮಾವ, ನೀವು ಕೇಳಿದ್ದು ಸರಿಯಾಗೇ ಇದೆ. ಆದ್ರೆ ಮೆಕ್ಸಿಕೋದಲ್ಲಿ ಒಬ್ಬೊಬ್ಬರ ಕೈಗೆ ಬಣ್ಣಬಣ್ಣದ ಆರು ಮತಪತ್ರ ಕೊಟ್ರು, ಅದೂ ಕೇಂದ್ರದ ಕೋರ್ಟುಗಳಿಗೇ ಆರು. ಒಂದೊಂದರಲ್ಲೂ ಸಾಲುಸಾಲು ಹೆಸರು. ಯಾರು ಯಾರೆಂದು ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಮಡಚಿದ ಚೀಟಿ ಹಂಚಿದ್ರು, ಯಾವ ಪತ್ರದಲ್ಲಿ ಯಾವ ನಂಬರು ಬರೀಬೇಕು ಅಂತ. ಸುಪ್ರೀಂ ಕೋರ್ಟಿಗೆ ಗೆದ್ದ 9 ಜನರ ಹೆಸರೂ ಆ ಚೀಟಿಗಳಲ್ಲಿ ಇತ್ತು.

ಗಿರಿಜತ್ತೆ: ಸೊಸೈಟಿ ಎಲೆಕ್ಷನ್ನಿಗೆ ಬಾಗಿಲಲ್ಲಿ ನಿಂತು ಕೊಡ್ತಾರಲ್ಲ ಸಿಂಡಿಕೇಟ್ ಚೀಟಿ, ಹಂಗಾಯ್ತು. ಹೋದ್ಸಲ ನಮ್ಮನೆಯವ್ರು ಅದನ್ನೇ ನೋಡ್ಕಂಡು ಒತ್ತಿ ಬಂದಿದ್ರು.

(ಮಾವ ಇದಕ್ಕೆ ಏನೂ ಹೇಳಲಿಲ್ಲ. ರೊಟ್ಟಿ ತಿನ್ನೋಕೆ ಎದ್ದು ಹೋಗಿದ್ರು ಅಂತ ಆಮೇಲೆ ಗೊತ್ತಾಯ್ತು.)

ಪ್ರವೀಣ (ಮಿಲ್ವಾಕೀ, ಅಮೆರಿಕ): ಶೈಲಕ್ಕ, ನಾನಿರೋ ವಿಸ್ಕಾನ್ಸಿನ್‌ನಲ್ಲೂ ಜಡ್ಜ್ ಚುನಾವಣೆ ಇದೆ. 2025ರ ಏಪ್ರಿಲ್ 1ಕ್ಕೆ ರಾಜ್ಯದ ಸುಪ್ರೀಂ ಕೋರ್ಟಿನ ಒಂದೇ ಒಂದು ಸೀಟಿಗೆ ನಡೀತು. ಎರಡೂ ಕಡೆ ಸೇರಿ ಹತ್ತು ಕೋಟಿ ಡಾಲರ್ ಹತ್ತಿರ ಖರ್ಚು. ಇಲಾನ್ ಮಸ್ಕ್ ಮತ್ತೆ ಅವನ ಸಂಘಟನೆಗಳದ್ದೇ ಎರಡು ಕೋಟಿ ಡಾಲರ್ ದಾಟ್ತು. ಟಿವಿ ಹಾಕಿದ್ರೆ ಸಾಕು, ‘ಇವರು ಅಪರಾಧಿಗಳನ್ನ ಬಿಟ್ಟುಬಿಡ್ತಾರೆ’ ಅಂತ ಇವರ ಮೇಲೆ ಅವರು, ಅವರ ಮೇಲೆ ಇವರು. ಕಾನೂನಿನ ಮಾತು ಒಂದೂ ಇಲ್ಲ. ನಂಗೆ ಓಟಿಲ್ಲ, ಜಾಹೀರಾತು ಮಾತ್ರ ಪುಕ್ಕಟೆ.

ಮಹಾಂತೇಶ ಮಾವ: ಗೆದ್ದೋರು ಯಾರಪ್ಪ?

ಪ್ರವೀಣ: ಸೂಸನ್ ಕ್ರಾಫರ್ಡ್. ಮಸ್ಕ್ ಕಡೆಯೋರು ಸೋತ್ರು.

ಮಹಾಂತೇಶ ಮಾವ: ನೋಡಿದ್ರಾ! ದುಡ್ಡು ಸುರಿದ್ರೂ ಸೋತ. ಜನ ದಡ್ಡರಲ್ಲ. ನೀವು ಓದಿದೋರು ಅಂದ್ಕೊಂಡಂಗೆ ಇರಲ್ಲ ಜನ.

ಶೈಲಕ್ಕ: ಜನ ದಡ್ಡರು ಅಂತ ನಾನೆಲ್ಲಿ ಅಂದೆ? ಗೆದ್ದೋರ ಕಡೆಗೂ ಕೋಟಿಗಟ್ಲೆ ಬಂದಿತ್ತು. ಆ ದುಡ್ಡು ಕೊಟ್ಟೋನ ಕೇಸು ನಾಳೆ ಅದೇ ಬೆಂಚಿಗೆ ಬಂದ್ರೆ? ಇದು ಊಹೆ ಅಲ್ಲ, ನಡೆದದ್ದು. ವೆಸ್ಟ್ ವರ್ಜೀನಿಯಾದಲ್ಲಿ ಒಂದು ಕಲ್ಲಿದ್ದಲು ಕಂಪನಿ, ಹೆಸರು ಮ್ಯಾಸ್ಸಿ. ಇನ್ನೊಂದು ಸಣ್ಣ ಗಣಿ ಮಾಲೀಕನನ್ನ ಮುಳುಗಿಸಿತು ಅಂತ ಜ್ಯೂರಿ ಐದು ಕೋಟಿ ಡಾಲರ್ ಪರಿಹಾರ ಕೊಡ್ಸಿತ್ತು. ಕಂಪನಿ ಅಪೀಲು ಹೋಗ್ಬೇಕು. ಅಷ್ಟರಲ್ಲಿ 2004ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿಗೆ ಚುನಾವಣೆ ಬಂತು. ಕಂಪನಿ ಮುಖ್ಯಸ್ಥ ಮೂವತ್ತು ಲಕ್ಷ ಡಾಲರ್ ಖರ್ಚು ಮಾಡಿ, ಹಳೇ ಜಡ್ಜ್‌ನ ಸೋಲಿಸೋಕೆ ನಿಂತ ಬೆಂಜಮಿನ್ ಅನ್ನೋರನ್ನ ಬೆಂಬಲಿಸಿದ. ಅವರು ಗೆದ್ರು. ಅಪೀಲು ಅವರ ಮುಂದೆನೇ ಬಂತು. ‘ನೀವು ಈ ಕೇಸಿಂದ ಹಿಂದೆ ಸರೀರಿ’ ಅಂದ್ರೆ ಸರೀಲಿಲ್ಲ. ಕಂಪನಿ 3-2ರಲ್ಲಿ ಗೆಲ್ತು, ಆ ಮೂರರಲ್ಲಿ ಒಂದು ಅವರದ್ದು.

ಪ್ರವೀಣ: ಆಮೇಲೆ?

ಶೈಲಕ್ಕ: 2009ರಲ್ಲಿ ವಾಷಿಂಗ್ಟನ್‌ನಲ್ಲಿರೋ ಇಡೀ ಅಮೆರಿಕದ ಸುಪ್ರೀಂ ಕೋರ್ಟು, ಅವರು ಕೂರಬಾರದಿತ್ತು ಅಂತು. ಅದೂ 5-4ರಲ್ಲಿ. ಅಂದ್ರೆ ನಾಲ್ಕು ಜನ, ‘ಅವರು ಕೂತ್ರೂ ನಡೀತಿತ್ತು’ ಅಂದ್ರು. ಆ ಒಂಬತ್ತು ಜನರನ್ನ ಅಲ್ಲಿ ಯಾರೂ ಓಟು ಹಾಕಿ ಆರಿಸಿಲ್ಲ ಮಾವ. ಅಧ್ಯಕ್ಷ ಹೆಸರು ಹೇಳ್ತಾನೆ, ಸೆನೆಟ್ ಒಪ್ಪುತ್ತೆ.

ಗಿರಿಜತ್ತೆ: ನಮ್ಮ ಕಡೆಗೆ ಬರ್ರಿ ಸ್ವಲ್ಪ. ಸಿರಿಗೆರೆ ಮಠದಲ್ಲಿ ಸದ್ಧರ್ಮ ನ್ಯಾಯಪೀಠ ಪ್ರತಿ ಸೋಮವಾರ ನಡೆಯುತ್ತೆ. ಜಮೀನು, ಗಂಡ-ಹೆಂಡ್ತಿ ಜಗಳ, ಪಾಲು, ಎಲ್ಲ ಹೋಗ್ತವೆ. ಓಟೂ ಇಲ್ಲ, ಕೊಲಿಜಿಯಮ್ಮೂ ಇಲ್ಲ. ಜನ ಒಪ್ಪಿ ಎದ್ದು ಬರ್ತಾರೆ.

ಶೈಲಕ್ಕ: ಇಬ್ಬರೂ ಒಪ್ಪಿದ್ರೆ ಬರ್ತಾರೆ ಅತ್ತೆ. ಎದುರಿನೋನು ‘ನಾನು ಬರಲ್ಲ, ಏನ್ ಮಾಡ್ತಿಯೋ ಮಾಡ್ಕೋ’ ಅಂದ್ರೆ? ಕೋರ್ಟು ಇರೋದೇ ಬರಲ್ಲ ಅನ್ನೋನಿಗೆ.

(ಇಲ್ಲಿ ದೊಡ್ಡಪ್ಪ ಬಂದ್ರು. ಅವರು ಟೈಪ್ ಮಾಡಲ್ಲ, ಫೋನಿಗೆ ಬಾಯಿಟ್ಟು ಹೇಳ್ತಾರೆ, ಅದು ಬರ್ಕಳುತ್ತೆ. ತಪ್ಪು ತಿದ್ದಿ ಹಾಕಿದೀನಿ.)

ಬಸಣ್ಣ ದೊಡ್ಡಪ್ಪ (ಊರು): ನಾನು ಮಾಂತೇಶಪ್ಪನ ಕಡೆ. ನನ್ನ ಹೊಲದ ದಾರಿ ಕೇಸು ನಿಮಗೆಲ್ಲ ಗೊತ್ತೈತಿ. ಕೋರ್ಟ್ ಕಮಿಷನರ್ ಬಂದು ಅಳತಿ ಮಾಡ್ಕಂಡು ಹೋದ್ರು, ವರದಿ ಕೊಟ್ರು, ತಕರಾರು ಹಾಕಿದ್ರು, ಜಡ್ಜ್ ವರ್ಗ ಆದ್ರು. ಹೊಸಬ್ರು ಬಂದು ಫೈಲು ಓದೋವಷ್ಟೊತ್ತಿಗೆ ಅವರೂ ವರ್ಗ. ಬೆಳಿಗ್ಗೆ ಬಸ್ ಹಿಡಿದು ಹೋಗ್ತೀನಿ, ಕೇಸು ಕೂಗ್ತಾರೆ, ಎದುರು ವಕೀಲ್ರು ಟೈಮ್ ಕೇಳ್ತಾರೆ, ವಾಯಿದೆ ಬರ್ಕಂಡು ವಾಪಸ್ ಬರ್ತೀನಿ. ನನ್ನ ಟ್ರ್ಯಾಕ್ಟರ್ ಮೆಕ್ಕೆಜೋಳ ತುಂಬ್ಕಂಡು ಇನ್ನೊಬ್ಬರ ಹೊಲದ ಬದುವಿನ ಮ್ಯಾಲೆ ಹೋಗ್ಬೇಕು, ಅವರ ಕಾಲು ಹಿಡಿದು. ಎಮ್ಮೆಲ್ಲೆ ಆದ್ರೆ ಐದು ವರ್ಷಕ್ಕೊಮ್ಮೆ ಬಾಗಿಲಿಗೆ ಬರ್ತಾನೆ, ಬೈಬಹುದು. ಜಡ್ಜ್‌ನ ಯಾರು ಬೈಯೋರು?

ಮಹಾಂತೇಶ ಮಾವ: ಇದು ಮಾತು! ಇದನ್ನೇ ನಾನೂ ಹೇಳಿದ್ದು.

ಶೈಲಕ್ಕ: ದೊಡ್ಡಪ್ಪ, ಸಿಟ್ಟಾಗಬೇಡ್ರಿ, ಒಂದು ಕೇಳ್ತೀನಿ. ದಾರಿಗೆ ಕಲ್ಲು ಹಾಕಿದೋರ ಮನೆತನದ್ದು ಊರಲ್ಲಿ ಎಷ್ಟು ಓಟು?

ಬಸಣ್ಣ ದೊಡ್ಡಪ್ಪ: ಅವರದ್ದಾ? ಅಣ್ತಮ್ರು, ಬೀಗರು, ಅವರು ಹೇಳಿದಂಗೆ ಕೇಳೋರು ಎಲ್ಲ ಸೇರಿ ನಾನೂರು ದಾಟ್ತಾವು.

ಶೈಲಕ್ಕ: ನಮ್ಮದು?

ಬಸಣ್ಣ ದೊಡ್ಡಪ್ಪ: ಊರಾಗೆ ಇರೋರು ಹನ್ನೊಂದು.

ಶೈಲಕ್ಕ: ಆ ಜಡ್ಜ್ ಮುಂದಿನ ವರ್ಷ ಓಟಿಗೆ ನಿಲ್ಬೇಕು ಅಂದ್ಕೊಳ್ರಿ. ದಾರಿ ನಿಮ್ಮದು ಅಂತ ಪಹಣಿ, ನಕ್ಷೆ ಎಲ್ಲ ಹೇಳ್ತೈತೆ. ನಿಮ್ಮ ಪರ ಬರೆದ್ರೆ ನಾನೂರು ಹೋದ್ವು, ಬರೀದಿದ್ರೆ ಹನ್ನೊಂದು ಹೋದ್ವು. ಜಡ್ಜ್ ಕೆಟ್ಟೋರೇ ಆಗ್ಬೇಕಿಲ್ಲ ದೊಡ್ಡಪ್ಪ. ಒಳ್ಳೆಯೋರೇ ಇರ್ಲಿ, ಎಲೆಕ್ಷನ್ ಮುಗೀಲಿ ಅಂತ ಒಂದು ವಾಯಿದೆ ಮುಂದಕ್ಕೆ ಹಾಕ್ತಾರೆ. ಅಷ್ಟೇ ಸಾಕು.

(ಬಹಳ ಹೊತ್ತು ಯಾರೂ ಏನೂ ಹಾಕಲಿಲ್ಲ. ನನಗೆ ಕೇಳಿದ್ರೆ ವಾದ ಇಲ್ಲೇ ತೀರಿತ್ತು. ಎಮ್ಮೆಲ್ಲೆ ಹೆಚ್ಚು ಜನರ ಮಾತು ಕೇಳ್ಬೇಕು, ಅದಕ್ಕೇ ಅವನಿಗೆ ಓಟು. ದೊಡ್ಡಪ್ಪನಂಥೋರು ಕೋರ್ಟಿಗೆ ಹೋಗೋದು ಹೆಚ್ಚು ಜನ ಎದುರು ಕಡೆ ಇದ್ದಾಗ. ಆದ್ರೆ ಮಹಾಂತೇಶ ಮಾವ ಸುಮ್ಮನಾಗೋ ಜಾತಿ ಅಲ್ಲ.)

ಮಹಾಂತೇಶ ಮಾವ: ಸರಿ, ಓಟು ಬೇಡ. ಹಂಗಾದ್ರೆ ಆರಿಸೋರನ್ನ ಆರಿಸಿದ್ದು ಯಾರು? ಅಂಬೇಡ್ಕರ್ ಅವರೇ 1949ರ ಮೇ 24ರಂದು ಸಂವಿಧಾನ ಸಭೆಯಲ್ಲಿ ಹೇಳಿದಾರೆ, ಮುಖ್ಯ ನ್ಯಾಯಮೂರ್ತಿಯೂ ಮನುಷ್ಯರೇ, ನೇಮಕದಲ್ಲಿ ಅವರ ಮಾತೇ ಕೊನೆ ಅನ್ನೋದು ಅಪಾಯ ಅಂತ. ಈಗ ಆಗಿರೋದು ಅದೇ ಅಲ್ವಾ? 1993ರಲ್ಲಿ ಜಡ್ಜ್‌ಗಳೇ ತೀರ್ಪು ಬರೆದು ಅಧಿಕಾರ ತಗೊಂಡ್ರು. ಸಂಸತ್ತು 2014ರಲ್ಲಿ ಜಡ್ಜ್‌ಗಳ ನೇಮಕಕ್ಕೆ ಆಯೋಗ ಮಾಡಿದ್ರೆ 2015ರ ಅಕ್ಟೋಬರಲ್ಲಿ 4-1ರಲ್ಲಿ ಹೊಡೆದು ಹಾಕಿದ್ರು. ತಮ್ಮ ಕೇಸಿಗೆ ತಾವೇ ಜಡ್ಜ್.

ಶೈಲಕ್ಕ: ಅದಕ್ಕೆ ಮುಂಚೆ ಸರ್ಕಾರದ ಕೈಲಿದ್ದಾಗ ಏನಾಯ್ತು ಅದನ್ನೂ ಹೇಳ್ರಿ. 1973ರ ಏಪ್ರಿಲ್ 24ಕ್ಕೆ ಕೇಶವಾನಂದ ಭಾರತಿ ತೀರ್ಪು ಬಂತು, ಸಂವಿಧಾನದ ಮೂಲ ರಚನೆನ ಸಂಸತ್ತೂ ಮುಟ್ಟಂಗಿಲ್ಲ ಅಂತ. ಬೆನ್ನಿಗೇ ಸರ್ಕಾರಕ್ಕೆ ಆಗದ ಮೂರು ಜನ ಹಿರಿಯರನ್ನ ದಾಟಿಸಿ ಎ.ಎನ್. ರೇ ಅವರನ್ನ ಸಿಜೆಐ ಮಾಡಿದ್ರು. ಆ ಮೂರರಲ್ಲಿ ಒಬ್ರು ನಮ್ಮ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟು ಎದ್ದು ಹೋದ್ರು.

ಮಹಾಂತೇಶ ಮಾವ: ಅದೇ ಹೆಗ್ಡೆಯವ್ರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆ ಸ್ಪೀಕರ್ ಆದ್ರು! ಸರ್ಕಾರ ತಳ್ಳಿದೋರನ್ನ ಜನ ಎತ್ತಿ ಕೂರಿಸಿದ್ರು. ಯಾರ ಆಯ್ಕೆ ಚೆನ್ನಾಗಿತ್ತು ಹೇಳಮ್ಮ?

ಶೈಲಕ್ಕ: ಭೇಷ್ ಮಾವ, ಇದು ನಂಗೆ ಹೊಳೆದಿರಲಿಲ್ಲ. ಆದ್ರೆ ಜನ ಅವರನ್ನ ಎಂಪಿ ಮಾಡಿದ್ರು, ಜಡ್ಜ್ ಅಲ್ಲ. 1973ರಲ್ಲಿ ಆ ತೀರ್ಪಿಗೆ ಕೂತಾಗ ಓಟಿನ ಲೆಕ್ಕ ತಲೇಲಿ ಇದ್ದಿದ್ರೆ? ಎರಡು ವರ್ಷದ ಹಿಂದೆ, 1971ರಲ್ಲಿ, ಇಂದಿರಾ ಗಾಂಧಿ ಭಾರೀ ಬಹುಮತದಿಂದ ಗೆದ್ದಿದ್ರು. ಜನ ಯಾರ ಕಡೆ ಇದ್ರು ಅನ್ನೋದು ಗುಟ್ಟೇನಲ್ಲ.

ಗಿರಿಜತ್ತೆ: ಅಪ್ಪ-ಮಕ್ಕಳ ಮಾತು ಬಂತಲ್ಲ, ಸುಪ್ರೀಂ ಕೋರ್ಟ್ ಜಡ್ಜ್, ನಮ್ಮ ಕರ್ನಾಟಕದ ನಾಗರತ್ನ ಅವರ ತಂದೆ ವೆಂಕಟರಾಮಯ್ಯನವ್ರು 1989ರಲ್ಲಿ ಸಿಜೆಐ ಆಗಿದ್ರು. ಆದ್ರೂ ನೋಟು ರದ್ದತಿ ಕೇಸಲ್ಲಿ, 2023ರ ಜನವರಿಲಿ, ನಾಲ್ಕು ಜನ ಸರಿ ಅಂದ್ರೆ ಆಯಮ್ಮ ಒಬ್ಬರೇ ಸರಿಯಲ್ಲ ಅಂದ್ರು. ಯಾರ ಮಗಳು ಅಂತ ನೋಡೋದಾ, ಏನು ಬರೆದ್ರು ಅಂತ ನೋಡೋದಾ?

ಮಹಾಂತೇಶ ಮಾವ: ಒಬ್ಬರನ್ನ ತೋರ್ಸಿ ಮನೆತನದ ಗಂಟನ್ನೇ ಸಮರ್ಥಿಸಬೇಡ. ಯಾಕೆ ಆರಿಸಿದ್ರು, ಯಾಕೆ ಬಿಟ್ರು ಅಂತ ಬರೆದು ಹಾಕ್ಲಿ. ಅಷ್ಟು ಮಾಡಿದ್ರೆ ನಾನು ಈ ಫಾರ್ವರ್ಡ್ ಅಳಿಸ್ತೀನಿ.

ಶೈಲಕ್ಕ: 2017ರಿಂದ ಕೊಲಿಜಿಯಂ ನಿರ್ಣಯ ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಹಾಕ್ತಾರೆ. 2025ರ ಮೇನಲ್ಲಿ, ಆಯ್ಕೆಯಾದೋರಲ್ಲಿ ಯಾರು ಯಾವ ಜಡ್ಜ್‌ಗೆ ನೆಂಟರು ಅನ್ನೋದನ್ನೂ ಪ್ರಕಟಿಸಿದ್ರು. ಸಾಲದು, ಒಪ್ತೀನಿ. ಇನ್ನು ದೊಡ್ಡಪ್ಪನ ಕೇಸು ನಡೆಸೋ ಸಿವಿಲ್ ಜಡ್ಜ್‌ಗೂ ಕೊಲಿಜಿಯಮ್‌ಗೂ ಸಂಬಂಧ ಇಲ್ಲ. ಅವರು ಹೈಕೋರ್ಟ್ ನಡೆಸೋ ಪರೀಕ್ಷೆ ಬರೆದು ಬಂದೋರು. ಪೂರ್ವಭಾವಿ, ಮುಖ್ಯ ಪರೀಕ್ಷೆ, ಸಂದರ್ಶನ. ಮೂರು ವರ್ಷ ವಕೀಲಿಕೆ ಮಾಡಿರ್ಲೇಬೇಕು ಅಂತ 2025ರ ಮೇ 20ಕ್ಕೆ ಸುಪ್ರೀಂ ಕೋರ್ಟ್ ಹೇಳಿದೆ. ಇದು ಒಳ್ಳೇದಾಯ್ತು. ವಾಯಿದೆಗೆ ಕಾಯೋನ ಪಕ್ಕ ಬೆಂಚಲ್ಲಿ ಕೂತು ಬಂದಿರಬೇಕು ಜಡ್ಜ್.

ಬಸಣ್ಣ ದೊಡ್ಡಪ್ಪ: ಎಲ್ಲ ಸರಿ ಶೈಲಾ. ಓಟಿನ ಮಾತು ಬಿಟ್ಟೆ, ನಾನೂರಕ್ಕೆ ಹನ್ನೊಂದು ಸಾಲದು. ನನ್ನ ಕೇಸು ಯಾಕೆ ಮುಗೀವಲ್ದು, ಅದನ್ನ ಹೇಳು.

ಶೈಲಕ್ಕ: ಕೋರ್ಟಿನ ತಪ್ಪು ನೀವು ಹೇಳಿದ್ರಿ, ಅದು ನಿಜಾನೇ. ಎದುರಿನೋರು ಬೇಕಂತಲೇ ಎಳೀತಾರೆ, ಅದೂ ನಿಜ. ಆದ್ರೆ ಹೋದ ಎರಡು ವಾಯಿದೆ ಯಾಕೆ ಹೋದ್ವು ಅಂದ್ರೆ ನಮ್ಮದೇ ಸಾಕ್ಷಿ ಬರಲಿಲ್ಲ. ಹಿಂದೆ ಊರಲ್ಲಿ ರಾಜಿ ಆದಾಗ ಕಾಗದಕ್ಕೆ ಸಾಕ್ಷಿ ಹಾಕಿದೋರು ಬಂದು, ಈ ಸಹಿ ನಂದೇ ಅಂತ ಹೇಳ್ಬೇಕು. ಪಾಟೀಸವಾಲು ಅರ್ಧ ಗಂಟೆ ಕೆಲಸ.

ಪ್ರವೀಣ: ಯಾರು ಸಾಕ್ಷಿ ಹಾಕಿರೋದು?

(ಇದಕ್ಕೂ ಬಹಳ ಹೊತ್ತು ಉತ್ತರ ಇಲ್ಲ.)

ಗಿರಿಜತ್ತೆ: ನಮ್ಮನೆಯವ್ರು.

ಬಸಣ್ಣ ದೊಡ್ಡಪ್ಪ: ಮಾಂತೇಶಪ್ಪ, ಮುಂದಿನ ವಾಯಿದೆ ಹನ್ನೆರಡಕ್ಕೆ ಐತಿ, ಗುರುವಾರ. ಬರ್ತೀರೋ ಹೆಂಗೆ?

ಮಹಾಂತೇಶ ಮಾವ: ಹನ್ನೆರಡಕ್ಕಾ ಭಾವ? ಅವತ್ತು ನಮ್ಮ ಆಫೀಸಿನೋರ ಮಗಳ ಲಗ್ನ ಇತ್ತು. ಶೈಲಾ, ಒಂದು ಟೈಮ್ ತಗೊಳೋಕೆ ಆಗುತ್ತೇನಮ್ಮ?